ಇಂಡೆಂಟು, ರಿಜಿಸ್ಟರು ಮತ್ತು ವಿಭಾಗದ ಮುಖ್ಯಸ್ಥರು

ಮಾನ್ಯ ಡಾಕ್ಟರ್ ಅವರಿಗೆ,

ಸರ್ಕಾರಿ ವೈದ್ಯಕೀಯ ಕಾಲೇಜೊಂದರ ಮೆಡಿಸಿನ್ ವಿಭಾಗಕ್ಕೆ ಮುಖ್ಯಸ್ಥರಾದ ಮೇಲೆ ದಿನಗಳೆಲ್ಲ ತಪಾಸಣೆಯ ಸಿದ್ಧತೆ, ಹಾಜರಾತಿ, ಔಷಧಗಳ ಇಂಡೆಂಟು (ಬೇಡಿಕೆ ಪಟ್ಟಿ), ಮಾಸಿಕ ವರದಿಗಳಲ್ಲೇ ಕಳೆಯುತ್ತಿವೆ, ವಾರ್ಡಿನಲ್ಲಿ ನಿಂತು ಪಾಠ ಹೇಳುತ್ತಿದ್ದಾಗಿನ ಹುರುಪು ಉಳಿದಿಲ್ಲ, ಈ ಹುದ್ದೆಯಲ್ಲಿ ಸ್ಫೂರ್ತಿಯನ್ನು ಎಲ್ಲಿ ಹುಡುಕಬೇಕು ಎಂದು ಕೇಳಿದ್ದೀರಿ. ನಿಮ್ಮ ಕೋರಿಕೆಯಂತೆ ಹೆಸರನ್ನೂ ಊರನ್ನೂ ಪ್ರಕಟಿಸುತ್ತಿಲ್ಲ.

ನಿಮ್ಮ ಪ್ರಶ್ನೆಗೆ ನನಗೆ ತೋಚುವ ಉತ್ತರ ನಮ್ಮ ರಾಜ್ಯದ ಬಳ್ಳಾರಿಯಲ್ಲಿದೆ. 1974ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗಳು ಒಂದಾಗಿ ನಿಮ್ಹಾನ್ಸ್ ಆದ ಮೇಲೆ, ಅಲ್ಲಿನ ಸಮುದಾಯ ಮನೋವೈದ್ಯಕೀಯ ಘಟಕವನ್ನು ಮುನ್ನಡೆಸಿದವರು ಡಾ. ಆರ್. ಎಲ್. ಕಪೂರ್. ಅದಕ್ಕೂ ಮೊದಲು ಅವರು ಮಣಿಪಾಲದಲ್ಲಿದ್ದು, ಕರಾವಳಿಯ ಕೋಟದಲ್ಲಿ ಜನರ ಮಾನಸಿಕ ತೊಂದರೆಗಳನ್ನು ಅಧ್ಯಯನ ಮಾಡಿದ್ದರು. ಮನೋವೈದ್ಯರ ಸಂಖ್ಯೆ ಹಳ್ಳಿಗಳಿಗೆ ಎಂದೂ ಸಾಲದೆಂಬುದನ್ನು ಅರಿತಿದ್ದ ಆ ಘಟಕ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ, ಮೂರ್ಛೆ ರೋಗಗಳನ್ನು ಗುರುತಿಸಿ ನಿಭಾಯಿಸುವ ವಿದ್ಯೆ ಕಲಿಸುವ ಕ್ರಮವನ್ನು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ರೂಪಿಸಿತು. ಕನ್ನಡ ಓದುಗರು ಪುಸ್ತಕಗಳ ಮೂಲಕ ಬಲ್ಲ ಡಾ. ಸಿ. ಆರ್. ಚಂದ್ರಶೇಖರ್ ಅವರೂ ಆ ಕೆಲಸದಲ್ಲಿದ್ದರು. 1980ರ ದಶಕದ ನಡುಭಾಗದಲ್ಲಿ ಅದೇ ಕ್ರಮ ಸುಮಾರು 20 ಲಕ್ಷ ಜನರಿದ್ದ ಬಳ್ಳಾರಿ ಜಿಲ್ಲೆಗೆ ಹೋಯಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಆ ಮಾದರಿ ಯಾವುದರಿಂದ ಆಗಿತ್ತೆಂಬುದನ್ನು ನೀವು ಗಮನಿಸಬೇಕು. ಅಲ್ಪಾವಧಿಯ ತರಬೇತಿ, ಆರೋಗ್ಯ ಕೇಂದ್ರದಲ್ಲೇ ಸಿಗುವ ಕೆಲವೇ ಅಗತ್ಯ ಔಷಧಗಳು, ಸರಳವಾದ ರೋಗಿ ದಾಖಲೆ, ತಿಂಗಳ ವರದಿ, ಅದರ ಮೇಲೆ ಜಿಲ್ಲಾ ಮಟ್ಟದ ಪರಿಶೀಲನೆ, ಇಷ್ಟೇ. ಮೂರ್ಛೆ ರೋಗಿಗೆ ಮಾತ್ರೆ ತಪ್ಪಿದರೆ ಫಿಟ್ಸ್ ಮರುಕಳಿಸುತ್ತದೆಂಬುದು ನಿಮಗೆ ನಾನು ಹೇಳಬೇಕಾದ ಮಾತಲ್ಲ. ಈ ತಿಂಗಳು ಯಾರು ಮಾತ್ರೆಗೆ ಬರಲಿಲ್ಲವೆಂದು ರಿಜಿಸ್ಟರು ತೋರಿಸಿದರೆ ತಾನೇ ಕಾರ್ಯಕರ್ತೆ ಆ ಮನೆಯ ಬಾಗಿಲಿಗೆ ಹೋಗುವುದು? ನಿಮಗೆ ಇಂದು ಹೊರೆಯಾಗಿರುವ ಕಾಗದಪತ್ರವೇ ಅಲ್ಲಿ ಚಿಕಿತ್ಸೆಯ ಭಾಗವಾಗಿತ್ತು. ನಿಮ್ಮ ಬೇಸರಕ್ಕೆ ಕಾರಣ ಕಡತವಲ್ಲ, ಆ ಕಡತದ ಆಚೆ ತುದಿಯಲ್ಲಿ ರೋಗಿ ಕಾಣದಿರುವುದು ಎಂದು ನಾನು ನಂಬುತ್ತೇನೆ. ಆ ಕಾರ್ಯಕ್ರಮ ಮುಂದೆ ದೇಶದಲ್ಲಿ ಹರಡಿದಾಗ, ಔಷಧ ಪೂರೈಕೆ ನಿಂತು ಹುದ್ದೆಗಳು ಖಾಲಿ ಉಳಿದ ಕಡೆ ಅದು ಸೊರಗಿತು. ಆದೇಶ ಹೊರಡಿಸಿದರೆ ಸಾಲದು, ಕಲಿಸಿದವರು ಬೆನ್ನ ಹಿಂದೆ ನಿಂತಿರಬೇಕಾಗುತ್ತದೆ.

ನಿಮ್ಮ ಕೈಯಲ್ಲಿ ಈಗಾಗಲೇ ಒಂದು ಅವಕಾಶವಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲೆಯ ಆರೋಗ್ಯ ವ್ಯವಸ್ಥೆಯಲ್ಲಿ ಕೆಲಸ ಮಾಡುವುದನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವು ಕಡ್ಡಾಯ ಮಾಡಿದೆ. ಅನೇಕ ವಿಭಾಗಗಳು ಇದನ್ನು ವಾರ್ಡಿನ ಕೆಲಸಕ್ಕೆ ಆಳು ಕಡಿಮೆಯಾಗುವ ಕಾಲವೆಂದೇ ಎಣಿಸುತ್ತವೆ. ನೀವು ಹಾಗೆ ಎಣಿಸಬೇಡಿ. ಒಂದು ತಾಲ್ಲೂಕನ್ನೂ, ಮೂರ್ಛೆ ರೋಗವೋ ರಕ್ತದೊತ್ತಡವೋ, ಒಂದೇ ಕಾಯಿಲೆಯನ್ನೂ ಆರಿಸಿಕೊಳ್ಳಿ. ತಂಡದ ಬಳಿಕ ತಂಡವಾಗಿ ವಿದ್ಯಾರ್ಥಿಗಳು ಅದೇ ರೋಗಿಗಳ ದಾಖಲೆಯನ್ನು ಮುಂದುವರಿಸಲಿ, ಅವರ ಪ್ರಬಂಧಗಳ ಪ್ರಶ್ನೆಗಳೂ ಅಲ್ಲಿಂದಲೇ ಹುಟ್ಟಲಿ. ಜಿಲ್ಲಾ ಆರೋಗ್ಯಾಧಿಕಾರಿಗಳ ಮಾಸಿಕ ಸಭೆಗೆ ಕಿರಿಯರನ್ನು ಕಳುಹಿಸದೆ ತಾವೇ ಹೋಗಿ. ಅಲ್ಲಿ ಕುಳಿತ ವೈದ್ಯಾಧಿಕಾರಿಗಳಲ್ಲಿ ಕೆಲವರು ನಿಮ್ಮ ಶಿಷ್ಯರೇ ಇದ್ದಾರು. ಯಾವ ಕಾಯಿಲೆಯಿಂದ ಆರಂಭಿಸಬೇಕೆಂದು ಅವರನ್ನೇ ಕೇಳಿ.

— ಸಂಪಾದಕ