ಕಾರ್ಡಿನಲ್ಲಿ ಹಿಡಿಯದ ಪತ್ರ

ಓದುಗರ ಪತ್ರ: "ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ವಾಗ್ದಾನದ ಕಾರ್ಡ್ (ಹೊಸ ವರ್ಷಕ್ಕೆಂದು ಸತ್ಯವೇದದ, ಅಂದರೆ ಬೈಬಲಿನ, ಒಂದು ವಚನ ಬರೆದ ಚೀಟಿ) ತೆಗೆದಾಗ ನನಗೆ ಯೆರೆಮೀಯ 29:11 ಬಂತು. ಹೊಲಿಗೆ ಮಿಷನ್ನಿನ ಎದುರು ಗೋಡೆಗೆ ಅಂಟಿಸಿಕೊಂಡಿದ್ದೇನೆ. ಮಾರ್ಚ್‌ನಲ್ಲಿ ನಮ್ಮ ಯಜಮಾನರ ಕೆಲಸ ಹೋಯಿತು. ಯೂನಿಫಾರ್ಮ್ ಹೊಲಿಸಿಕೊಂಡವರು ಇನ್ನೂ ದುಡ್ಡು ಕೊಟ್ಟಿಲ್ಲ, ಹಾಗಾಗಿ ನನ್ನ ಹತ್ತಿರ ಹೊಲಿಯುವ ಇಬ್ಬರಿಗೆ ಮೂರು ವಾರದ ಕೂಲಿಯೂ ನಿಂತಿದೆ. ದಿನಾ ಬೆಳಿಗ್ಗೆ ಸತ್ಯವೇದ ತೆರೆದು ಕಣ್ಣಿಗೆ ಬಿದ್ದ ಪುಟ ಓದುತ್ತೇನೆ. ಪ್ರಾರ್ಥನಾ ಕೂಟದಲ್ಲಿ ಒಬ್ಬರು 'ನಿಮಗೆ ನಂಬಿಕೆ ಸಾಲದು' ಅಂದರು. ನಂಬಬೇಕು, ವಿಧೇಯರಾಗಬೇಕು ಎಂದು ಪ್ರಸಂಗದಲ್ಲಿ ಕೇಳುತ್ತೇವೆ. ನಂಬಿದ್ದೇನೆ. ಯಾವುದಕ್ಕೆ ವಿಧೇಯಳಾಗಬೇಕು ಎಂದೇ ತಿಳಿಯುತ್ತಿಲ್ಲ."

ಸಂಪಾದಕರ ಉತ್ತರ:

ಪ್ರಿಯ ಸಹೋದರಿಯವರೇ,

'ನಂಬಿಕೆ ಸಾಲದು' ಎಂಬ ಮಾತನ್ನು ಮೊದಲು ಬದಿಗಿಡಿ. ಗಂಡನ ಕೆಲಸ ಹೋದ ಮನೆಯಲ್ಲಿ ಬೆಳಗಾದರೆ ಸತ್ಯವೇದ ತೆರೆದು ಕೂರುವವರಿಗೆ ಹೇಳುವ ಮಾತಲ್ಲ ಅದು. ನಿಮಗೆ ಸಿಗದೆ ಹೋಗಿರುವುದು ಆ ವಚನದ ಹಿಂದುಮುಂದಿನ ಸಾಲುಗಳು ಮಾತ್ರ. ಕಾರ್ಡಿನಲ್ಲಿ ಜಾಗ ಇರುವುದೇ ಒಂದು ವಚನಕ್ಕೆ.

ಪ್ರವಾದಿ ಯೆರೆಮೀಯನು ಬರೆದಾಗ 29 ಎಂಬ ಅಧ್ಯಾಯವೂ ಇರಲಿಲ್ಲ, 11 ಎಂಬ ವಚನವೂ ಇರಲಿಲ್ಲ. ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ್ದು, ಈಗಿನ ವಚನ ಸಂಖ್ಯೆಗಳು 16ನೇ ಶತಮಾನದವು. ಹುಡುಕಲು ಸುಲಭವಾಗಲಿ ಎಂದು ಹಾಕಿದ ಗುರುತುಗಳವು. ಬಟ್ಟೆಯ ಮೇಲೆ ನೀವು ಚಾಕಿನಲ್ಲಿ ಹಾಕುವ ಗೆರೆಯ ಹಾಗೆ ಕತ್ತರಿಸಲು ಹಾಕಿದವಲ್ಲ. ಯೆರೆಮೀಯ ಬರೆದದ್ದು ಒಂದು ಪತ್ರ. ಕ್ರಿ.ಪೂ. 597ರಲ್ಲಿ ಬಾಬೆಲಿನ (ಬ್ಯಾಬಿಲೋನಿನ) ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ರಾಜನನ್ನೂ ರಾಜಮಾತೆಯನ್ನೂ ಅಧಿಕಾರಿಗಳನ್ನೂ ಬಾಬೆಲಿಗೆ ಸೆರೆ ಒಯ್ದ. ಅವರ ಜೊತೆ ಹೋದವರಲ್ಲಿ ಕಮ್ಮಾರರು, ಕುಶಲ ಕೆಲಸಗಾರರು, ಅಂದರೆ ಕೈಕಸುಬಿನಿಂದ ಬದುಕುವವರೂ ಇದ್ದರು. ಪತ್ರ ಹೋದದ್ದು ಅವರಿಗೆ.

ನಿಮ್ಮ ಕಾರ್ಡಿನಲ್ಲಿರುವುದು ದೇವರ ಯೋಚನೆಗಳು ಕೇಡಿನವಲ್ಲ, ಹಿತದವು ಎಂಬ ಮಾತು. ಅದರ ಹಿಂದಿನ ಸಾಲು, 10ನೇ ವಚನ, ಬಾಬೆಲಿಗೆ 70 ವರ್ಷ ತುಂಬಿದ ಮೇಲೆ ನಿಮ್ಮನ್ನು ಹಿಂದಕ್ಕೆ ತರುತ್ತೇನೆ ಎನ್ನುತ್ತದೆ. ಎಪ್ಪತ್ತು ವರ್ಷ! ಪತ್ರ ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಅಲ್ಲಿಯೇ ಕಣ್ಣು ಮುಚ್ಚಬೇಕಿತ್ತು. ಹಾಗಾದರೆ ಅವರು ಏನು ಮಾಡಬೇಕಿತ್ತು? 5ರಿಂದ 7ರವರೆಗೆ ಓದಿ. ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ಸೆರೆಯಾಗಿ ಬಂದಿರುವ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಒಂದು ಕೈಯಲ್ಲಿ ವಾಗ್ದಾನ, ಇನ್ನೊಂದು ಕೈಯಲ್ಲಿ ಗುದ್ದಲಿ. ಒಂದೇ ಪತ್ರದಲ್ಲಿ ಎರಡೂ ಇವೆ.

ಈ ಪತ್ರಕ್ಕೆ ಮುಂಚಿನ 28ನೇ ಅಧ್ಯಾಯವನ್ನೂ ಓದಲೇಬೇಕು. ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ಎಲ್ಲರೆದುರು ನಿಂತು, ಎರಡೇ ವರ್ಷದಲ್ಲಿ ಎಲ್ಲರೂ ಹಿಂದಿರುಗುತ್ತಾರೆ ಎಂದು ದೇವರ ಹೆಸರಿನಲ್ಲಿ ಸಾರಿದ. ಬಾಬೆಲಿಗೆ ಅಧೀನರಾಗಬೇಕು ಎಂಬುದರ ಗುರುತಾಗಿ ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ತೆಗೆದು ಮುರಿದ. ಯೆರೆಮೀಯನ ಮೊದಲ ಉತ್ತರ "ಆಮೆನ್, ಹಾಗೆಯೇ ಆಗಲಿ" ಎಂದೇ ಇತ್ತು. ಹಾಗೆ ಆಗಬೇಕೆಂಬ ಆಸೆ ಅವನಿಗೂ ಇತ್ತು. ಆದರೆ ದೇವರು ಹೇಳಿದ್ದು ಅದಲ್ಲ. ಹನನ್ಯನ ಮಾತಿನಲ್ಲಿ ಹಿತವಿತ್ತು, ಹುರುಪಿತ್ತು, ತಾರೀಖೂ ಇತ್ತು. ದೇವರು ಅವನನ್ನು ಕಳುಹಿಸಿರಲಿಲ್ಲ. ನಿಮ್ಮ ಕಾರ್ಡಿನ ವಚನವನ್ನು 'ಈ ವರ್ಷದೊಳಗೆ ಎಲ್ಲ ಸರಿಹೋಗುತ್ತದೆ' ಎಂದು ಯಾರಾದರೂ ಬಿಡಿಸಿ ಹೇಳಿದ್ದರೆ, ಅವರು ಯೆರೆಮೀಯನ ವಚನಕ್ಕೆ ಹನನ್ಯನ ಅರ್ಥ ಕೊಟ್ಟಿದ್ದಾರೆ. ಆ ತಾರೀಖು ತಪ್ಪಿದ ಮಾತ್ರಕ್ಕೆ ವಚನ ಸುಳ್ಳಾಗಲಿಲ್ಲ, ನೀವೂ ಸೋಲಲಿಲ್ಲ.

ಹಾಗಾದರೆ ಕಾರ್ಡನ್ನು ಗೋಡೆಯಿಂದ ಕಿತ್ತುಬಿಡಬೇಕೇ? ಬೇಡ. ಅದರ ಕೆಳಗೆ ಪೆನ್ನಿನಲ್ಲಿ '29:1–14' ಎಂದು ಬರೆದುಕೊಳ್ಳಿ. ಅಂದು ಮಾತಾಡಿದ ದೇವರು ಬದಲಾಗಿಲ್ಲ. ತನ್ನ ಜನರ ವಿಷಯದಲ್ಲಿ ಆತನ ಮನಸ್ಸು ಹಿತದ್ದು ಎಂಬುದನ್ನು ಇಂದೂ ಪೂರ್ತಿಯಾಗಿ ನಂಬಬಹುದು. ಯಾವ ತಿಂಗಳು ಕೆಲಸ ಸಿಗುತ್ತದೆ ಎಂಬ ಮಾತು ಮಾತ್ರ ಆ ಪತ್ರದಲ್ಲಿಲ್ಲ. ಇದೇ ಪುಸ್ತಕವನ್ನು ಓದಿದ ದಾನಿಯೇಲನು 70 ವರ್ಷದ ಲೆಕ್ಕ ತಿಳಿದಾಗ ಏನು ಮಾಡಿದ ಎಂದು ದಾನಿಯೇಲ 9ರಲ್ಲಿದೆ. ಲೆಕ್ಕ ಹಾಕುತ್ತಾ ಕಾದು ಕೂರಲಿಲ್ಲ. ಉಪವಾಸ ಮಾಡಿದ, ಗೋಣಿತಟ್ಟು ಉಟ್ಟು ಬೂದಿ ಹಾಕಿಕೊಂಡ, 'ನಾವು ಪಾಪ ಮಾಡಿದ್ದೇವೆ' ಎಂದು ಅರಿಕೆ ಮಾಡಿದ. ವಾಗ್ದಾನ ಓದಿದವನ ಬಾಯಲ್ಲಿ ಬಂದ ಮಾತು ಅದು.

ಈಗ ನೀವು ಓದುವ ರೀತಿಯ ಬಗ್ಗೆ. ಪುಸ್ತಕ ತೆರೆದು ಕಣ್ಣಿಗೆ ಬಿದ್ದದ್ದನ್ನು ಓದಿದರೆ ಆಗುವ ತೊಂದರೆ ಸರಳವಾದದ್ದು. ದಪ್ಪ ಪುಸ್ತಕ ಮಧ್ಯಕ್ಕೇ ತೆರೆದುಕೊಳ್ಳುತ್ತದೆ, ಅದರಲ್ಲೂ ಮೊದಲೇ ಬಳಕೆಯಿಂದ ಸಡಿಲಾದ ಪುಟಕ್ಕೆ. ಹಾಗಾಗಿ ಕೀರ್ತನೆಗಳು, ಯೆಶಾಯ ಮತ್ತೆ ಮತ್ತೆ ಸಿಗುತ್ತವೆ. ಯಾಜಕಕಾಂಡ 19 ಆಗಲಿ ಯಾಕೋಬನ ಪತ್ರವಾಗಲಿ ವರ್ಷಗಟ್ಟಲೆ ಸಿಗುವುದೇ ಇಲ್ಲ. ಸಾಂತ್ವನ ಸಿಕ್ಕುತ್ತದೆ, ಆಜ್ಞೆ ಕಣ್ಣಿಗೆ ಬೀಳುವುದಿಲ್ಲ. 'ಯಾವುದಕ್ಕೆ ವಿಧೇಯಳಾಗಬೇಕು ತಿಳಿಯುತ್ತಿಲ್ಲ' ಎಂಬುದರ ಅರ್ಧ ಕಾರಣ ಇಲ್ಲೇ ಇದೆ.

ಹೀಗೆ ಮಾಡಿ. ನಿಮ್ಮ ವಚನ ಯಾವ ಪುಸ್ತಕದ್ದೋ ಆ ಪುಸ್ತಕದಿಂದಲೇ ಶುರು ಮಾಡಿ. ಯೆರೆಮೀಯದಲ್ಲಿ 52 ಅಧ್ಯಾಯಗಳಿವೆ, ಘಟನೆಗಳು ನಡೆದ ಕ್ರಮದಲ್ಲಿ ಜೋಡಿಸಿಲ್ಲ. ಮೊದಲ ಅಧ್ಯಾಯದಿಂದ ಹೊರಟ ಎಷ್ಟೋ ಜನ ಹತ್ತು ಹನ್ನೆರಡರ ಹೊತ್ತಿಗೆ ದಾರಿ ತಪ್ಪಿ ಬಿಟ್ಟುಬಿಡುತ್ತಾರೆ. ಮೊದಲು 26, 27, 28, 29. ಆಮೇಲೆ 32, 34. ಆಮೇಲೆ 36ರಿಂದ 43ರವರೆಗೆ. ದಿನಕ್ಕೊಂದರಂತೆ ಹದಿನಾಲ್ಕು ದಿನ. ಇವು ಹೆಚ್ಚಾಗಿ ಕಥಾಭಾಗ, ಓದು ಸಲೀಸಾಗಿ ಸಾಗುತ್ತದೆ. ಅಷ್ಟು ಮುಗಿದ ಮೇಲೆ 1ನೇ ಅಧ್ಯಾಯಕ್ಕೆ ಬಂದರೆ ಯಾರು ಯಾರಿಗೆ ಮಾತಾಡುತ್ತಿದ್ದಾರೆ ಎಂದು ಗೊತ್ತಿರುತ್ತದೆ. (ಮುಂದೆ ಹೊಸ ಒಡಂಬಡಿಕೆಗೆ ಹೋದಾಗ ಅದರಲ್ಲಿ 260 ಅಧ್ಯಾಯಗಳಿವೆ, ವಾರಕ್ಕೆ ಐದು ದಿನ ಒಂದೊಂದು ಓದಿದರೂ 52 ವಾರಕ್ಕೆ ಸರಿಯಾಗಿ ಮುಗಿಯುತ್ತದೆ.)

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಅಧ್ಯಾಯ ಓದಿದ ಮೇಲೆ ಮೂರು ಸಾಲು ಸಾಕು: ಇದನ್ನು ಯಾರಿಗೆ ಹೇಳಿದ್ದು, ಯಾಕೆ ಹೇಳಿದ್ದು, ಅವರು ಏನು ಮಾಡಬೇಕಿತ್ತು. ನಾಲ್ಕನೆಯ ಸಾಲು ನಿಮ್ಮದು. ಅದರಲ್ಲಿ ಒಂದು ಕೆಲಸ, ಒಬ್ಬರ ಹೆಸರು, ಒಂದು ದಿನ ಇರಬೇಕು. 'ಇನ್ನು ಮೇಲೆ ಪ್ರೀತಿಯಿಂದ ಇರುತ್ತೇನೆ' ಎಂದು ಬರೆದರೆ ಆಯಿತೋ ಇಲ್ಲವೋ ಎಂದು ಯಾರಿಗೂ ತಿಳಿಯುವುದಿಲ್ಲ, ಬರೆದವರಿಗೂ ಸಹ. ವಾಕ್ಯ ಕೇಳಿ ಅದರಂತೆ ನಡೆಯದವನು ಕನ್ನಡಿ ನೋಡಿ ಹೋದ ಕೂಡಲೇ ತನ್ನ ಮುಖ ಮರೆತವನ ಹಾಗೆ ಎಂದು ಯಾಕೋಬನು ತನ್ನ ಪತ್ರದಲ್ಲಿ ಹೇಳುವುದು ಇದನ್ನೇ. ದಿನಕ್ಕೊಂದು ಆಜ್ಞೆ ಸಿಗಲೇಬೇಕೆಂಬ ಹಟವೂ ಬೇಡ. ಸಿಗದ ದಿನ ನಾಲ್ಕನೆಯ ಸಾಲು ಖಾಲಿ ಇರಲಿ.

ಓದಿದ್ದೆಲ್ಲ ನಿಮಗೇ ಹೇಳಿದ ಆಜ್ಞೆಯಲ್ಲ, ಇದರಲ್ಲಿ ಎಚ್ಚರಿಕೆ ಬೇಕು. ಮದುವೆಯಾಗಬೇಡ ಎಂದು ದೇವರು ಹೇಳಿದ್ದು ಯೆರೆಮೀಯನೊಬ್ಬನಿಗೆ (16:2). ಒಂದು ಮಾತು ಎಲ್ಲರಿಗೂ ಸಲ್ಲುತ್ತದೆಯೇ ಎಂದು ನೋಡಲು, ಅದು ಬೇರೆ ಬೇರೆ ಕಾಲದವರಿಗೆ ಮತ್ತೆ ಮತ್ತೆ ಬಂದಿದೆಯೇ, ಕ್ರಿಸ್ತನೂ ಅಪೊಸ್ತಲರೂ ಅದನ್ನು ಹಿಡಿದು ನಿಲ್ಲಿಸಿದ್ದಾರೆಯೇ ಎಂದು ಹುಡುಕಿ. ನಿಮ್ಮ ಪತ್ರದಲ್ಲಿಯೇ ಅಂಥದ್ದೊಂದಿದೆ, ನೀವು ಅರ್ಧ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಇಬ್ಬರ ಮೂರು ವಾರದ ಕೂಲಿ.

ಕೂಲಿಯವನ ಕೂಲಿ ಬೆಳಗಿನ ತನಕವೂ ನಿನ್ನಲ್ಲಿ ಉಳಿಯಬಾರದು ಎಂದು ಯಾಜಕಕಾಂಡ 19:13. ಆ ದಿನದ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡು, ಅವನು ಬಡವನು, ಅದರ ಮೇಲೆಯೇ ಆಸೆ ಇಟ್ಟಿದ್ದಾನೆ ಎಂದು ಧರ್ಮೋಪದೇಶಕಾಂಡ 24:15. ಮಲಾಕಿಯ 3:5ರಲ್ಲಿ ಅದೇ ಮಾತು. ಕೊಡದೆ ಹಿಡಿದ ಕೂಲಿಯೇ ಕೂಗುತ್ತದೆ ಎಂದು ಯಾಕೋಬ 5:4. ನಡುವೆ ನಿಮ್ಮ ಯೆರೆಮೀಯನೂ ಇದ್ದಾನೆ: 22:13–14ರಲ್ಲಿ, ದೇವದಾರು ಹಲಗೆ ಹೊದಿಸಿ ಕೆಂಪು ಬಣ್ಣ ಬಳಿಸಿ ಅರಮನೆ ಕಟ್ಟಿಸಿ ಕೆಲಸದವರಿಗೆ ಕೂಲಿ ಕೊಡದ ರಾಜ ಯೆಹೋಯಾಕೀಮನಿಗೆ ಅಯ್ಯೋ ಎನ್ನುತ್ತಾನೆ. 16ನೇ ವಚನಕ್ಕೆ ಹೋದರೆ, ಬಡವನ ನ್ಯಾಯ ನಡೆಸುವುದೇ ನನ್ನನ್ನು ಅರಿಯುವುದಲ್ಲವೇ ಎಂದು ದೇವರು ಕೇಳುತ್ತಾನೆ. ಕಾರ್ಡಿನ ವಚನವೂ ಈ ವಚನವೂ ಒಂದೇ ಪುಸ್ತಕದವು.

ನೀವು ಯೆಹೋಯಾಕೀಮನಲ್ಲ. ಅವನು ಇದ್ದೂ ಕೊಡಲಿಲ್ಲ, ನಿಮ್ಮ ಕೈಗೆ ಬಂದೇ ಇಲ್ಲ. ಆದರೂ ಆ ಇಬ್ಬರ ಮನೆಯ ಒಲೆಗೆ ಎರಡೂ ಒಂದೇ. ಯಾರಿಗೆ ಎಷ್ಟು ಬಾಕಿ ಎಂದು ಇವತ್ತೇ ಬರೆದು ಅವರಿಗೆ ತೋರಿಸಿ. ತಮ್ಮ ಲೆಕ್ಕ ಮರೆತುಹೋಗಿಲ್ಲ ಎಂದು ಗೊತ್ತಾಗುವುದೇ ಕೂಲಿಯವರಿಗೆ ಅರ್ಧ ಧೈರ್ಯ. ತಡವಾದದ್ದಕ್ಕೆ ಕ್ಷಮೆ ಕೇಳಿ. ಫಾಲ್, ಪಿಕೋ, ಬ್ಲೌಸು ಎಂದು ಚಿಲ್ಲರೆ ಕೆಲಸದಿಂದ ಬರುವ ಹಣದಲ್ಲಿ ಹೊಸ ಲೈನಿಂಗ್ ಬಟ್ಟೆ ತರುವ ಮೊದಲು ಅವರ ಪಾಲು ತೆಗೆದಿಡಿ, ನೂರಾದರೂ ಸರಿ, ಪ್ರತಿ ಶನಿವಾರ. ಒಂದು ಮಾತು ಕೆಲವರಿಗೆ ಇಷ್ಟವಾಗದಿರಬಹುದು, ಆದರೂ ಹೇಳುತ್ತೇವೆ: ದಶಮಾಂಶದ (ಆದಾಯದ ಹತ್ತರಲ್ಲೊಂದು ಪಾಲಿನ ಕಾಣಿಕೆಯ) ಕವರಿಗಿಂತ ಮೊದಲು ಆ ಬಾಕಿ ತೀರಲಿ. ತಂದೆತಾಯಿಗೆ ಸಲ್ಲಬೇಕಾದದ್ದನ್ನು 'ಕೊರ್ಬಾನ್, ದೇವರಿಗೆ ಕೊಟ್ಟದ್ದು' ಎಂದು ಹೇಳಿ ತಪ್ಪಿಸಿಕೊಂಡವರನ್ನು ಯೇಸು ಖಂಡಿಸಿದ್ದು ಮಾರ್ಕ 7ರಲ್ಲಿದೆ. ಇನ್ನೊಬ್ಬರಿಗೆ ಸೇರಿದ ಹಣದಲ್ಲಿ ಕಾಣಿಕೆ ಹಾಕುವುದು ಅದೇ ಸಾಲಿಗೆ ಸೇರುತ್ತದೆ. ಹಾಗೆಯೇ ಯೂನಿಫಾರ್ಮ್ ಹೊಲಿಸಿಕೊಂಡವರ ಬಳಿ ಬಿಲ್ ಹಿಡಿದು ಹೋಗಿ ಕೇಳಿ. ನಿಮಗೆ ಬರಬೇಕಾದ ಕೂಲಿಯನ್ನು ಕೇಳುವುದು ನಂಬಿಕೆಯ ಕೊರತೆಯಲ್ಲ. ಅವರಿಗೂ ಅದೇ ಆಜ್ಞೆ ಇದೆ.

ವಿಧೇಯತೆ ಎಲ್ಲಿ ಕೆಡುತ್ತದೆ ಎಂಬುದಕ್ಕೆ ಎರಡು ನಿದರ್ಶನ ಇದೇ ಪುಸ್ತಕದಲ್ಲಿವೆ. 34ನೇ ಅಧ್ಯಾಯದಲ್ಲಿ ಮುತ್ತಿಗೆಯ ಭಯಕ್ಕೆ ರಾಜನೂ ಪ್ರಜೆಗಳೂ ತಮ್ಮ ಇಬ್ರಿಯ ದಾಸದಾಸಿಯರನ್ನು ಬಿಡುಗಡೆ ಮಾಡಿದರು. ಐಗುಪ್ತದ (ಈಜಿಪ್ಟಿನ) ಸೈನ್ಯ ಬರುತ್ತಿದೆ ಎಂದು ಕೇಳಿ ಬಾಬೆಲಿನವರು ಹಿಂದೆ ಸರಿದರು. ಇವರು ಬಿಟ್ಟವರನ್ನು ಮತ್ತೆ ಹಿಡಿದುಕೊಂಡರು. ಕಷ್ಟದಲ್ಲಿ ಕೊಟ್ಟ ಮಾತು ಉಸಿರಾಡಲು ಬಿಡುವಾದ ಕೂಡಲೇ ಹೋಯಿತು. ಯಜಮಾನರಿಗೆ ಕೆಲಸ ಸಿಕ್ಕಿದ ಮೇಲೂ ಶನಿವಾರದ ಲೆಕ್ಕ ನಡೆಯಲಿ ಎನ್ನುವುದು ಅದಕ್ಕೇ.

ಇನ್ನೊಂದು 42ನೇ ಅಧ್ಯಾಯದ್ದು. ಯೆರೂಸಲೇಮ್ ಪಟ್ಟಣ ಬಿದ್ದ ಮೇಲೆ ಉಳಿದವರು ಯೆರೆಮೀಯನ ಬಳಿ ಬಂದು, ಒಳ್ಳೆಯದಿರಲಿ ಕೆಟ್ಟದ್ದಿರಲಿ ದೇವರು ಹೇಳಿದಂತೆ ಮಾಡುತ್ತೇವೆ ಎಂದರು. ಹತ್ತು ದಿನ ಕಳೆದು ಉತ್ತರ ಬಂತು: ಇಲ್ಲಿಯೇ ಇರಿ, ಐಗುಪ್ತಕ್ಕೆ ಹೋಗಬೇಡಿ. ಅವರು 'ನೀನು ಸುಳ್ಳು ಹೇಳುತ್ತೀ' ಎಂದು ಹೊರಟೇಹೋದರು. 41:17 ನೋಡಿದರೆ ಕಾರಣ ತಿಳಿಯುತ್ತದೆ. ಕೇಳಲು ಬರುವ ಮೊದಲೇ ಅವರು ಐಗುಪ್ತದ ಹಾದಿ ಹಿಡಿದು ಬೇತ್ಲೆಹೇಮಿನ ಹತ್ತಿರ ಬೀಡು ಬಿಟ್ಟಿದ್ದರು. ಗಂಟು ಕಟ್ಟಿ ಆದ ಮೇಲೆ ಮಾರ್ಗದರ್ಶನ ಕೇಳಿದ್ದು. ನಮ್ಮಲ್ಲಿ ಬಹುತೇಕರು ಸಂಬಂಧ ಕುದುರಿಸಿ, ಸೈಟಿಗೆ ಮುಂಗಡ ಕೊಟ್ಟು, ಆಮೇಲೆ ವಚನ ಹುಡುಕುತ್ತೇವೆ. ಹಾಗೆ ಹುಡುಕಿದವರಿಗೆ ತಮಗೆ ಬೇಕಾದ ವಚನವೇ ಸಿಕ್ಕೀತು.

ಕೂಲಿ ಕೊಟ್ಟರೆ ಕೆಲಸ ಸಿಗುತ್ತದೆ ಎಂಬ ಲೆಕ್ಕವನ್ನು ಮಾತ್ರ ಹಾಕಬೇಡಿ. 32ರಲ್ಲಿ, ಬಾಬೆಲಿನ ಸೈನ್ಯ ಊರು ಮುತ್ತಿರುವಾಗ, ಸೆರೆಯಲ್ಲಿದ್ದ ಯೆರೆಮೀಯ ತನ್ನ ಊರಾದ ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿಗೆ, ಅಂದರೆ ಸುಮಾರು 200 ಗ್ರಾಂಗೆ, ಕೊಂಡ. ತಕ್ಕಡಿಯಲ್ಲಿ ತೂಗಿ ಕೊಟ್ಟ, ಸಾಕ್ಷಿ ಹಾಕಿಸಿದ, ಮುದ್ರೆ ಹಾಕಿದ ಪತ್ರವನ್ನೂ ತೆರೆದ ಪ್ರತಿಯನ್ನೂ ಮಣ್ಣಿನ ಗಡಿಗೆಯಲ್ಲಿ ಇಡಿಸಿದ. ಆಮೇಲೆ, ಎಲ್ಲ ಮುಗಿದ ಮೇಲೆ, 'ಪಟ್ಟಣವೇ ಶತ್ರುವಿನ ಕೈಗೆ ಹೋಗುತ್ತಿದೆ, ಹೊಲ ಕೊಂಡುಕೋ ಅಂದೆಯಲ್ಲಾ' ಎಂದು ದೇವರ ಮುಂದೆ ತೋಡಿಕೊಂಡ. ಆ ಹೊಲದ ಫಲ ಅವನು ಉಣ್ಣಲಿಲ್ಲ. ಪ್ರಶ್ನೆ ಇಟ್ಟುಕೊಂಡೇ ವಿಧೇಯನಾದ. ನಿಮ್ಮ ಪ್ರಶ್ನೆಯೂ ಇರಲಿ.

ನಂಬಿಕೆ ಎಷ್ಟಿದ್ದರೆ ಸಾಕು ಎಂದು ಇನ್ನೂ ಮನಸ್ಸಿಗೆ ಚುಚ್ಚುತ್ತಿದ್ದರೆ, ಒಂಬತ್ತನೆಯ ದಿನ ಬರುವ 38ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಯೆರೆಮೀಯನನ್ನು ನೀರಿಲ್ಲದ ಬಾವಿಗೆ ಇಳಿಸಿದ್ದಾರೆ, ಅವನು ಕೆಸರಿನಲ್ಲಿ ಹೂತುಹೋಗಿದ್ದಾನೆ. ಕೂಷ್ ದೇಶದ ಎಬೆದ್ಮೆಲೆಕ ಎಂಬ ಅರಮನೆಯ ಸೇವಕ ರಾಜನ ಅಪ್ಪಣೆ ಪಡೆದು ಬಂದ. ಹಗ್ಗ ಇಳಿಬಿಡುವ ಮೊದಲು ಭಂಡಾರದ ಕೆಳಗಿನ ಕೋಣೆಗೆ ಹೋಗಿ ಹಳೆಯ ಚಿಂದಿ, ಹರಕು ಬಟ್ಟೆ ಆರಿಸಿ ತಂದ. ಹಗ್ಗ ಕೊರೆಯದಂತೆ ಇವನ್ನು ಕಂಕುಳಲ್ಲಿ ಇಟ್ಟುಕೋ ಎಂದು ಮೇಲಿನಿಂದ ಕೂಗಿ ಹೇಳಿದ. ಅವನು ಪ್ರಾರ್ಥಿಸಿದ್ದಾಗಲಿ, 'ನಂಬುತ್ತೇನೆ' ಎಂದದ್ದಾಗಲಿ ಅಲ್ಲಿ ಬರೆದಿಲ್ಲ. ಮರುದಿನ 39ನ್ನು ಓದುವಾಗ 18ನೇ ವಚನದಲ್ಲಿ ದೇವರು ಅವನ ಬಗ್ಗೆ ಹೇಳುವ ಕಾರಣವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ: "ನೀನು ನನ್ನಲ್ಲಿ ಭರವಸವಿಟ್ಟೆ."

ಹದಿನಾಲ್ಕು ದಿನ ಮುಗಿದ ಮೇಲೆ ಮತ್ತೆ ಬರೆಯಿರಿ. ಆ ಇಬ್ಬರ ಲೆಕ್ಕ ಎಲ್ಲಿಗೆ ಬಂತು ಎಂದೂ ತಿಳಿಸಿ.