ಕೆಲಸ ಬಿಟ್ಟ ಮೇಲೂ ಬಿಡದ ಹಳೇ ಯಜಮಾನರ ಜೊತೆ ಸಂಬಂಧ ಕೆಡಿಸಿಕೊಳ್ಳದೆ ಇರೋದು ಹೇಗೆ?

ಹಾಸನದ ಮಂಡಿಯೊಂದರಲ್ಲಿ ಆರು ವರ್ಷ ಲೆಕ್ಕ ಬರೆದು ಬಿಟ್ಟಿದ್ದೀರಿ. ಯಜಮಾನರು ಈಗಲೂ ಹೊತ್ತಿಲ್ಲ ಗೊತ್ತಿಲ್ಲ ಫೋನ್ ಮಾಡ್ತಾರೆ, ರಿಲೀವಿಂಗ್ ಲೆಟರ್ ಕೇಳಿದರೆ "ನೋಡೋಣ" ಅಂತಾರೆ, ನಾಲ್ಕು ಜನರ ಮುಂದೆ ನಿಮ್ಮನ್ನ ಹಗುರ ಮಾಡಿ ಮಾತಾಡ್ತಾರೆ. ಅದರ ಮೇಲೆ ಮಗಳ ಮದುವೆಗೂ ಕರೆದಿದ್ದಾರೆ. ನಾನು ಚಿಕ್ಕಮಗಳೂರಿನವನು. ಕಾಫಿ ವ್ಯಾಪಾರಿಯೊಬ್ಬರ ಹತ್ತಿರ ಲೆಕ್ಕ ನೋಡ್ತಿದ್ದೆ, ಈಗ ಅದೇ ಊರಲ್ಲಿ, ಅದೇ ವ್ಯಾಪಾರದಲ್ಲಿ ಇನ್ನೊಬ್ಬರ ಹತ್ತಿರ ಇದ್ದೀನಿ. ಹಾಗಾಗಿ ನಿಮ್ಮ ಕಷ್ಟ ನನಗೆ ಹೊಸದಲ್ಲ.

ಮೊದಲು ಅವರು ಯಾಕೆ ಹೀಗೆ ಆಡ್ತಾರೆ ಅನ್ನೋದನ್ನ ನೋಡಿ. ಬೆಂಗಳೂರಿನ ಕಂಪನಿಗಳ ಅನುಭವ ಇಟ್ಟುಕೊಂಡು ಬರೆದ ಸಲಹೆಗಳು ನಮ್ಮ ಊರುಗಳಿಗೆ ಹೊಂದೋದಿಲ್ಲ. ನನ್ನ ಹಳೇ ಯಜಮಾನರು ಕಾಫಿ ಬೋರ್ಡಿನ ಪೂಲ್ ಕಾಲ ನೋಡಿದವರು. ಆಗ ಬೆಳೆಗಾರರ ಕಾಫಿ ಕಡ್ಡಾಯವಾಗಿ ಬೋರ್ಡಿಗೇ ಹೋಗಬೇಕಿತ್ತು. 1996ಕ್ಕೆ ಆ ವ್ಯವಸ್ಥೆ ಪೂರ್ತಿ ಹೋಯ್ತು. ಆಮೇಲೆ ಯಾವ ತೋಟದವರು ಯಾರಿಗೆ ಕೊಡ್ತಾರೆ, ಅವರ ಚೆರ್ರಿಗೆ ಔಟ್‌ಟರ್ನ್ ಎಷ್ಟು ಬರುತ್ತೆ (ಅಂದ್ರೆ 50 ಕೆಜಿ ಮೂಟೆ ಚೆರ್ರಿಯಲ್ಲಿ, ಅದೇ ಒಣಗಿಸಿದ ಕಾಫಿ ಹಣ್ಣಿನಲ್ಲಿ, ಎಷ್ಟು ಕೆಜಿ ಬೀಜ ಸಿಗುತ್ತೆ), ಯಾರಿಗೆ ಎಷ್ಟು ಅಡ್ವಾನ್ಸ್ ಹೋಗಿದೆ ಅನ್ನೋ ಮಾಹಿತಿಯೇ ವ್ಯಾಪಾರಿಯ ಬಂಡವಾಳ. ಅದಷ್ಟೂ ಲೆಕ್ಕ ಬರೆಯುವವನ ತಲೆಯಲ್ಲಿರುತ್ತೆ. ಅವನು ಎದುರುಗಡೆಯ ಅಂಗಡಿಗೆ ಹೋದರೆ ಯಜಮಾನರಿಗೆ ರಾತ್ರಿ ನಿದ್ದೆ ಬರೋದಿಲ್ಲ. ಬೈಗುಳದ ಹಿಂದೆ ಇರೋದು ಬಹುಪಾಲು ಈ ಹೆದರಿಕೆ. ನಿಮ್ಮ ಮಂಡಿಯಲ್ಲೂ ಇದೇ ಕಥೆ ಇರಬೇಕು, ಮಾಲು ಮಾತ್ರ ಬೇರೆ.

ಆದ್ದರಿಂದ ಅವರ ಹೆದರಿಕೆ ಎಲ್ಲಿದೆಯೋ ಅಲ್ಲಿಗೇ ನೇರವಾಗಿ ಮಾತಾಡಿ. ನಾನು ಹೋಗಿ ಎದುರು ಕೂತು ಹೇಳಿದ್ದು ಇಷ್ಟೇ: "ಸಾರ್, ನಿಮ್ಮ ಪಾರ್ಟಿಗಳಿಗೆ ನಾನಾಗಿ ಫೋನ್ ಮಾಡಲ್ಲ. ನಿಮ್ಮ ರೇಟು ನನ್ನ ಬಾಯಿಂದ ಹೊರಗೆ ಬರಲ್ಲ. ಅವರಾಗೇ ಬಂದರೆ ಮಾತ್ರ ನನ್ನನ್ನ ಕೇಳಬೇಡಿ." ಕೊನೆಯ ಮಾತನ್ನ ಬಿಡಬೇಡಿ. ಅದನ್ನ ಬಿಟ್ಟರೆ ನಾಳೆ ಯಾರು ಅಂಗಡಿ ಬದಲಾಯಿಸಿದರೂ ತಪ್ಪು ನಿಮ್ಮದೇ ಆಗುತ್ತೆ. ಇಂಥ ಮಾತು ವಾಟ್ಸಾಪಲ್ಲಿ ಬೇಡ. ಅದು ಸ್ಕ್ರೀನ್‌ಶಾಟ್ ಆಗಿ ಊರು ಸುತ್ತುತ್ತೆ.

ಫೋನಿನ ವಿಷಯ. ಕರೆ ಯಾವ ತಾರೀಖಿಗೆ ಬರುತ್ತೆ ಅಂತ ಗಮನಿಸಿ. 11, 20ರ ಆಸುಪಾಸು ಜಾಸ್ತಿ ಬರ್ತಿದ್ದರೆ ಅದು ಜಿಎಸ್‌ಟಿ. ತಿಂಗಳ ರಿಟರ್ನ್ ಹಾಕುವವರಿಗೆ ಜಿಎಸ್‌ಟಿಆರ್-1 (ಮಾರಾಟದ ವಿವರ) 11ಕ್ಕೆ, 3ಬಿ (ತೆರಿಗೆ ಕಟ್ಟುವ ರಿಟರ್ನ್) 20ಕ್ಕೆ. ಸಣ್ಣ ಅಂಗಡಿಗಳಲ್ಲಿ ಪೋರ್ಟಲ್‌ಗೆ ಲೆಕ್ಕದವನ ಮೊಬೈಲ್ ನಂಬರನ್ನೇ ಕೊಟ್ಟಿರ್ತಾರೆ, ಒಟಿಪಿ ನಿಮಗೆ ಬರುತ್ತೆ, ಅವರು ಫೋನ್ ಮಾಡದೆ ಏನು ಮಾಡಬೇಕು ಪಾಪ! ಒಂದು ಸಂಜೆ ಹೋಗಿ, ಅವರ ಲಾಗಿನ್‌ನಲ್ಲೇ ನಾನ್-ಕೋರ್ ಅಮೆಂಡ್‌ಮೆಂಟ್‌ಗೆ (ಸಣ್ಣಪುಟ್ಟ ವಿವರ ತಿದ್ದೋ ಜಾಗ) ಹೋಗಿ ನಂಬರು, ಇಮೇಲು ಎರಡನ್ನೂ ಬದಲಾಯಿಸಿಕೊಡಿ. ಇ-ವೇ ಬಿಲ್, ಬ್ಯಾಂಕಲ್ಲೂ ನಿಮ್ಮ ನಂಬರಿದೆಯಾ ನೋಡಿ. ಇದು ಅವರಿಗೆ ಉಪಕಾರ, ನಿಮಗೆ ರಕ್ಷಣೆ. ನಿಮ್ಮ ನಂಬರಿಗೆ ಬಂದ ಒಟಿಪಿಯಿಂದ ನಾಳೆ ಏನೋ ಒಂದು ಫೈಲ್ ಆದರೆ ಉತ್ತರ ಹೇಳೋರು ಯಾರು?

ಆಮೇಲೂ ಕರೆ ಬಂದರೆ ವಸ್ತು ಎಲ್ಲಿದೆ ಅಂತ ಹೇಳಿ, ಕೆಲಸ ಮಾಡಿಕೊಡಬೇಡಿ. "ಆ ವೋಚರ್ ಬೀರುವಿನ ಕೆಳಗಿನ ಅರೆಯಲ್ಲಿದೆ ಸಾರ್" ಅನ್ನಿ. "ಬಂದು ಹುಡುಕಿಕೊಡ್ತೀನಿ" ಅನ್ನಬೇಡಿ. ಹಗಲು ಹೊತ್ತಲ್ಲಿ "ಈಗ ಕೆಲಸದ ಮೇಲಿದ್ದೀನಿ, ಏಳು ಗಂಟೆ ಮೇಲೆ ನಾನೇ ಮಾಡ್ತೀನಿ" ಅಂದು, ಮಾತಿಗೆ ತಕ್ಕಂತೆ ಮಾಡಿ. ಏಳರವರೆಗೆ ಕಾಯೋ ಹೊತ್ತಿಗೆ ಅರ್ಧ ಸಮಸ್ಯೆ ಅವರೇ ಬಗೆಹರಿಸಿಕೊಂಡಿರ್ತಾರೆ. ಹಿಂದಿನ ತಾರೀಖು ಹಾಕಿ ಸಹಿ ಮಾಡು, ಹಳೇ ಬಿಲ್ಲು ತಿದ್ದು ಅಂದರೆ ಮಾತ್ರ ನಾಜೂಕು ಬೇಡ, ಆಗಲ್ಲ ಅಂದುಬಿಡಿ.

ಲೆಟರ್‌ಗೆ ಅವರ ಮೂಡು ಕಾಯಬೇಡಿ. ಗೌರವದಿಂದ ಒಂದು ಅರ್ಜಿ ಬರೆದು ಸ್ಪೀಡ್ ಪೋಸ್ಟಲ್ಲೋ ಇಮೇಲಲ್ಲೋ ಕಳಿಸಿ. ಆ ಲೆಟರ್ ಇಲ್ಲ ಅಂತ ದುಡ್ಡೇನೂ ನಿಲ್ಲೋದಿಲ್ಲ. ಪಿಎಫ್ ಇದ್ದರೆ, ಕೊನೆಯ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ಯುಎಎನ್ (ನಿಮ್ಮ ಪಿಎಫ್ ನಂಬರು) ಪೋರ್ಟಲ್‌ನಲ್ಲಿ ಕೆಲಸ ಬಿಟ್ಟ ತಾರೀಖನ್ನ ನೀವೇ ಹಾಕಬಹುದು, ಆಧಾರ್‌ಗೆ ಜೋಡಿಸಿದ ಮೊಬೈಲ್ ಇದ್ದರಾಯ್ತು. ಅಂಗಡಿಯಲ್ಲಿ 10 ಅಥವಾ ಹೆಚ್ಚು ಜನ ಇದ್ದರೆ, ಆರು ವರ್ಷದ ನಿಮಗೆ ಗ್ರಾಚ್ಯುಟಿಯೂ (ಸೇವೆಗೆ ಕೊಡೋ ಇಡಿಗಂಟು) ಬರಬೇಕು: ಕೊನೆಯ ತಿಂಗಳ ಸಂಬಳದ ಬೇಸಿಕ್ ಮತ್ತು ಡಿಎಯನ್ನ (ತುಟ್ಟಿಭತ್ಯೆ) 26ರಿಂದ ಭಾಗಿಸಿ, 15ರಿಂದ ಗುಣಿಸಿ, ಆರರಿಂದ ಗುಣಿಸಿ. 30 ದಿನದೊಳಗೆ ಕೊಡಬೇಕು. ಇದನ್ನ ಜಗಳದ ದನಿಯಲ್ಲಿ ಕೇಳಬೇಡಿ. ಲೆಕ್ಕ ಬರೆದ ಚೀಟಿಯನ್ನ ಅವರ ಆಡಿಟರ್ ಕೈಗೆ ಕೊಡಿ. ಯಜಮಾನರು ನಿಮ್ಮ ಮಾತಿಗಿಂತ ಆಡಿಟರ್ ಮಾತಿಗೆ ಬೇಗ ಬಗ್ತಾರೆ. ಅದಕ್ಕೂ ಬಗ್ಗದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿ ಇದೆ.

ಹಗುರ ಮಾತಿಗೆ ತಿರುಗಿ ಉತ್ತರ ಕೊಡಬೇಡಿ. ಇಲ್ಲಿ ಹನುಮಂತಪ್ಪ ಸರ್ಕಲ್ ಹತ್ತಿರ ಬೆಳಿಗ್ಗೆ ಕಾಫಿಗೆ ಕೂತು ಆಡಿದ ಮಾತು ಮಧ್ಯಾಹ್ನದ ಹೊತ್ತಿಗೆ ಯಾರ ಕಿವಿಗೆ ಹೋಗಬೇಕೋ ಅವರ ಕಿವಿಗೆ ಹೋಗಿರುತ್ತೆ, ಹಾಸನವೂ ಅಷ್ಟೇನು ದೊಡ್ಡದಲ್ಲ. ಹೊಸ ಯಜಮಾನರಿಗೆ ಮಾತ್ರ ಮೊದಲೇ ಒಂದು ಮಾತು ಹೇಳಿಟ್ಟಿರಿ: "ಅವರಿಗೆ ನನ್ನ ಮೇಲೆ ಸ್ವಲ್ಪ ಬೇಜಾರಿದೆ, ಏನಾದರೂ ಕಿವಿಗೆ ಬಿದ್ದರೆ ನನ್ನನ್ನೇ ಕೇಳಿ." ಕೆಲಸ ಕಲಿಸಿದವರು ಅನ್ನೋ ಒಂದು ಒಳ್ಳೆ ಮಾತೂ ಜೊತೆಗಿರಲಿ, ನಿಜವಿದ್ದರೆ.

ಮದುವೆಗೆ ಹೋಗಿ. ಮನೆಯವರನ್ನೂ ಕರ್ಕೊಂಡು ಹೋಗಿ, ಇಲ್ಲದಿದ್ದರೆ ಅದೇ ಒಂದು ಮಾತಾಗುತ್ತೆ. ಮುಯ್ಯಿ ಕೊಟ್ಟು, ಅಕ್ಷತೆ ಹಾಕಿ, ಯಜಮಾನರ ಹೆಂಡತಿಯನ್ನ ತಪ್ಪದೆ ಮಾತಾಡಿಸಿ, ಊಟ ಮಾಡಿ ಹೊರಡಿ. ಅವತ್ತು ಅವರು ಎಷ್ಟೇ ಖುಷಿಯಲ್ಲಿದ್ದರೂ ಲೆಟರ್ ವಿಷಯ ಎತ್ತಬೇಡಿ. ಛತ್ರದ ಬಿಲ್ಲೆಲ್ಲ ತೀರಿಸಿ ಅವರು ಅಂಗಡಿಗೆ ಬರೋಕೆ ಒಂದು ವಾರವಾದರೂ ಬೇಕು, ಆಮೇಲೆ ಜ್ಞಾಪಿಸಿ.