1980ರಲ್ಲಿ ಫೆರಾರಿಯ ಫ್ಲಾಟ್-12 ಎಂಜಿನ್ ಫಾರ್ಮುಲಾ 1ರಲ್ಲಿ ಯಾಕೆ ಹಿಂದೆ ಬಿತ್ತು?

ಶಕ್ತಿ ಕಮ್ಮಿ ಅಂತ ಅಲ್ಲ, ಅಗಲ ಜಾಸ್ತಿ ಅಂತ. ಆರಾರು ಸಿಲಿಂಡರ್‌ಗಳು ಎರಡೂ ಬದಿಗೆ ಮಲಗಿದ್ದ ಎಂಜಿನ್ ಅದು. ತೂಕ ನೆಲಕ್ಕೆ ಹತ್ತಿರ ಇರುತ್ತಿತ್ತು, ತಿರುವಿನಲ್ಲಿ ಅದೇ ಲಾಭ.

ಅಷ್ಟರಲ್ಲಿ ಲೋಟಸ್ ತಂಡದ 78 ಮತ್ತು 79 ಕಾರುಗಳು ಬಂದವು. ಕಾರಿನ ಎರಡು ಬದಿಯ ಅಡಿಭಾಗಕ್ಕೆ ತಲೆಕೆಳಗಾದ ವಿಮಾನದ ರೆಕ್ಕೆಯ ಆಕಾರ. ಅಲ್ಲಿ ಗಾಳಿ ವೇಗವಾಗಿ ನುಗ್ಗಿದಾಗ ಒತ್ತಡ ಇಳಿಯುತ್ತದೆ, ಕಾರು ರಸ್ತೆಗೆ ಕಚ್ಚಿಕೊಳ್ಳುತ್ತದೆ. ಆದರೆ ಆ ಗಾಳಿ ಹಿಂದಿನಿಂದ ಹೊರಹೋಗಲು ಜಾಗ ಬೇಕಲ್ವಾ? ಲೋಟಸ್‌ನಲ್ಲಿದ್ದ ಕಾಸ್‌ವರ್ತ್ ವಿ8 ಎಂಜಿನ್ ಕೆಳಗಡೆ ಕಿರಿದು, ದಾರಿ ಬಿಡುತ್ತಿತ್ತು. ಫೆರಾರಿಯ ಸಿಲಿಂಡರ್ ಹೆಡ್‌ಗಳು (ಸಿಲಿಂಡರ್‌ಗಳ ಹೊರತುದಿಯ ಮುಚ್ಚಳಗಳು) ಸರಿಯಾಗಿ ಆ ದಾರಿಗೇ ಅಡ್ಡ!

1979ರಲ್ಲಿ ಫೆರಾರಿ ಚಾಲಕ ಜೋಡಿ ಶೆಕ್ಟರ್ ಇದೇ ಎಂಜಿನ್‌ನಲ್ಲಿ ಚಾಂಪಿಯನ್ ಆದರು, ನನಗೆ ಈಗಲೂ ಅಚ್ಚರಿ. ಮರುವರ್ಷ ಅವರಿಗೆ ಸಿಕ್ಕಿದ್ದು ಬರೀ 2 ಪಾಯಿಂಟ್. 1981ಕ್ಕೆ ಫೆರಾರಿ ಟರ್ಬೊ ವಿ6ಗೆ ಬದಲಾಯಿತು.